ಬೌಲಿಂಗ್ ಬಾಲ್ ಉಜ್ಜೋದು, ಪಾಲಿಶ್ ಮಾಡೋದು: ಸ್ಪಿನ್ನರ್ ಇಲ್ಲದೆ ಮನೆಯಲ್ಲೇ ಆಗುತ್ತಾ?

ತಣ್ಣೀರುಹಳ್ಳ ಟೆನ್‌ಪಿನ್ (ಹಾಸನ)

ಎಲ್ಲರಿಗೂ ನಮಸ್ಕಾರ. ಇದು ಕ್ರಿಕೆಟ್ ಅಲ್ಲ, ಹತ್ತು ಪಿನ್ ಉರುಳಿಸುವ ಬೌಲಿಂಗ್ ವಿಷಯ. ನನ್ನ ಹತ್ತಿರ 15 ಪೌಂಡ್‌ನ ಒಂದು ರಿಯಾಕ್ಟಿವ್ ರೆಸಿನ್ (ಲೇನನ್ನು ಜಾಸ್ತಿ ಹಿಡಿಯುವ ಮೈಯ) ಬಾಲ್ ಇದೆ. ಬೆಂಗಳೂರಿನಲ್ಲಿ ಒಬ್ಬರು ಆಟ ಬಿಟ್ಟಾಗ ಅವರಿಂದ ತಗೊಂಡಿದ್ದು. ಅಲ್ಲಿಗೆ ಹೋದಾಗೆಲ್ಲ ಆಡುತ್ತೇನೆ. ಈಗ ಬಾಲ್ ಸುತ್ತ ಅಂಗೈ ಅಗಲದ ಒಂದು ಪಟ್ಟಿ ಮಾತ್ರ ಮಿರಮಿರ ಹೊಳೆಯುತ್ತದೆ. ಉಳಿದ ಕಡೆಯೆಲ್ಲ ಮಂಕು. ಮೊದಲಿನ ಹಾಗೆ ಪಿನ್ನಿನ ಕಡೆ ಬಾಗಿ ತಿರುಗುತ್ತಲೂ ಇಲ್ಲ. ನಾನು ಬಲಗೈ ಆಟಗಾರ. ಬಾಲ್ ಸುಮ್ನೆ ಜಾರಿಕೊಂಡು ಹೋಗಿ ಮುಂದಿನ ಪಿನ್ನಿನ ಬಲಗಡೆ ಹಾದುಬಿಡುತ್ತದೆ.

ನಮ್ಮೂರಲ್ಲಿ ಪ್ರೊ ಶಾಪ್ (ಬೌಲಿಂಗ್ ಸಾಮಾನಿನ ಅಂಗಡಿ) ಇಲ್ಲ. ಬಾಲನ್ನು ಕೂರಿಸಿ ತಿರುಗಿಸುವ ಸ್ಪಿನ್ನರ್ ಮೆಷಿನ್ ಬೆಲೆ ನೋಡಿ ಸುಮ್ಮನಾದೆ. ಇಡೀ ಬಾಲನ್ನು ಕನ್ನಡಿ ಹಾಗೆ ಪಾಲಿಶ್ ಮಾಡಿಬಿಟ್ಟರೆ ಎಲ್ಲ ಕಡೆ ಒಂದೇ ಥರ ಆಗಿ ಸರಿಹೋಗುತ್ತದಾ? ಕೈಯಲ್ಲೇ ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಬಿಎಂ ರೋಡ್ ಗ್ಯಾರೇಜ್ (ಹಾಸನ)

ನನ್ನದು ಕಾರ್ ಪೇಂಟಿಂಗ್ ಕೆಲಸ. ಬೌಲಿಂಗ್ ಆಡಿಲ್ಲ, ಆದರೆ ಹೊಳಪು ತರಿಸೋದು ದಿನಾ ಮಾಡುವ ಕೆಲಸ. 2000 ನಂಬರ್ ವಾಟರ್ ಪೇಪರ್ (ನಂಬರ್ ಜಾಸ್ತಿ ಆದಷ್ಟೂ ನುಣುಪು) ಹೊಡೆದು, ಆಮೇಲೆ ರಬ್ಬಿಂಗ್ ಕಾಂಪೌಂಡ್, ಕೊನೆಗೆ ವ್ಯಾಕ್ಸ್. ಅಷ್ಟೇ. ಅದಕ್ಕೂ ಮುಂಚೆ ಥಿನ್ನರ್ ಹಾಕಿ ಒರೆಸಿದರೆ ಜಿಡ್ಡೆಲ್ಲ ಹೋಗುತ್ತದೆ. ಶನಿವಾರ ಬನ್ನಿ ಬ್ರದರ್, ಟೀ ಕುಡಿಯೋಷ್ಟರಲ್ಲಿ ಮಾಡಿ ಕೊಡುತ್ತೇನೆ.

ಮೂಡಿಗೆರೆ ರೋಬಸ್ಟಾ

ಸ್ವಲ್ಪ ತಡೀರಿ ಮಾರಾಯ್ರೆ! ಥಿನ್ನರ್ ಬೇಡವೇ ಬೇಡ. ವ್ಯಾಕ್ಸ್ ಕೂಡ ಬೇಡ.

ಮೊದಲು ಬಾಲ್ ಯಾಕೆ ಜಾರುತ್ತಿದೆ ಅಂತ ನೋಡೋಣ. ಬಾಲ್ ಬಿಡುವಾಗ ದಾಟಬಾರದ ಗೆರೆ, ಅಂದರೆ ಫೌಲ್ ಲೈನಿನಿಂದ ಮುಂದಿನ ಪಿನ್ನಿನವರೆಗೆ 60 ಅಡಿ. ಅದರಲ್ಲಿ ಸಾಮಾನ್ಯವಾಗಿ ಮೊದಲ 40 ಅಡಿ ಆಸುಪಾಸು ಎಣ್ಣೆ ಹಾಕಿರುತ್ತಾರೆ, ನಡುವೆ ಜಾಸ್ತಿ, ಅಂಚಿನಲ್ಲಿ ಕಡಿಮೆ. ಉಳಿದಿದ್ದು ಒಣ. ಬಾಲ್ ಮೊದಲು ಜಾರುತ್ತದೆ, ಆಮೇಲೆ ತಿರುಗುತ್ತದೆ, ಕೊನೆಗೆ ಉರುಳುತ್ತದೆ. ಈ ಮೂರರಲ್ಲಿ ಯಾವುದು ಎಲ್ಲಿ ಶುರುವಾಗಬೇಕು ಅನ್ನೋದನ್ನು ಮೇಲ್ಮೈ ಬಹಳಷ್ಟು ಮಟ್ಟಿಗೆ ತೀರ್ಮಾನಿಸುತ್ತದೆ. ಮೈ ಒರಟಾಗಿದ್ದರೆ ಅದರ ಸಣ್ಣ ಸಣ್ಣ ಏಣುಗಳು ಎಣ್ಣೆಯ ಪದರ ದಾಟಿ ಲೇನನ್ನು ಮುಟ್ಟುತ್ತವೆ. ಬೇಗ ಹಿಡಿತ ಸಿಗುತ್ತದೆ. ನುಣ್ಣಗಿದ್ದರೆ ಎಣ್ಣೆಯ ಮೇಲೇ ತೇಲಿಕೊಂಡು ಮುಂದೆ ಹೋಗಿ, ಒಣ ಜಾಗ ಸಿಕ್ಕಮೇಲೆ ತಿರುಗುತ್ತದೆ.

ಈಗ ನಿಮ್ಮ ಬಾಲಿಗೆ ಬನ್ನಿ. ಹೊಳೆಯುತ್ತಿರುವ ಪಟ್ಟಿ ಇದೆಯಲ್ಲ, ಅದೇ ಟ್ರ್ಯಾಕ್. ಲೇನಿಗೆ ತಾಗುವುದು ಆ ಜಾಗ ಮಾತ್ರ. ಆಡಿ ಆಡಿ ಅಲ್ಲಿನ ಒರಟೆಲ್ಲ ಸವೆದು ನುಣ್ಣಗಾಗಿದೆ. ಅಂದರೆ ಹೊಳಪು ಜಾಸ್ತಿ ಆಗಿದ್ದಕ್ಕೇ ಬಾಲ್ ಜಾರುತ್ತಿದೆ. ನೀವು ಉಳಿದ ಭಾಗವನ್ನೂ ಹಾಗೇ ಮಾಡೋಕೆ ಹೊರಟಿದ್ದೀರಿ.

ಥಿನ್ನರ್ ವಿಷಯ. ರೆಸಿನ್, ಪ್ಲಾಸ್ಟಿಕ್ ಎರಡನ್ನೂ ಇಂಥ ದ್ರಾವಕಗಳು ಮೆತ್ತಗೆ ಮಾಡಬಹುದು. 1973ರಲ್ಲಿ ಅಮೆರಿಕದಲ್ಲಿ ಡಾನ್ ಮೆಕ್‌ಕ್ಯೂನ್ ಅನ್ನುವ ವೃತ್ತಿಪರ ಆಟಗಾರ ಪ್ಲಾಸ್ಟಿಕ್ ಬಾಲನ್ನು ಕೆಮಿಕಲ್‌ನಲ್ಲಿ ನೆನೆಸಿ ಮೆತ್ತಗೆ ಮಾಡಿಕೊಂಡು ಆಡುತ್ತಿದ್ದ. ಆ ವರ್ಷ ಆರು ಪ್ರಶಸ್ತಿ ಹೊಡೆದ, ವರ್ಷದ ಆಟಗಾರನೂ ಆದ. ಆಗ ಅದನ್ನು ತಡೆಯುವ ನಿಯಮ ಇರಲಿಲ್ಲ. ಬಾಲ್ ಇಷ್ಟು ಗಟ್ಟಿ ಇರಲೇಬೇಕು ಅನ್ನೋ ಅಳತೆ ಬಂದಿದ್ದೇ ಇಂಥ ಆಟದಿಂದ.

ತಣ್ಣೀರುಹಳ್ಳ ಟೆನ್‌ಪಿನ್ (ಹಾಸನ)

ಅಯ್ಯೋ, ನಾನು ಪೂರ್ತಿ ಉಲ್ಟಾ ಯೋಚನೆ ಮಾಡಿದ್ದೆ. ಅಂಗಡಿಯಲ್ಲಿ ಹೊಸ ಬಾಲ್ ಎಲ್ಲ ಫಳಫಳ ಅಂತಿರುತ್ತಲ್ಲ, ಅದನ್ನು ನೋಡಿ ಹಾಗಂದುಕೊಂಡೆ. ಹಾಗಾದರೆ ಎಷ್ಟು ನಂಬರ್ ಹೊಡೀಬೇಕು?

ಮೂಡಿಗೆರೆ ರೋಬಸ್ಟಾ

ಹೊಸ ಬಾಲ್ ಎಲ್ಲವೂ ಫಳಫಳ ಅನ್ನಲ್ಲ. ಕೆಲವು ಕಂಪನಿಯಿಂದಲೇ ಮಂಕಾಗಿ ಬರುತ್ತವೆ, ಜಾಸ್ತಿ ಎಣ್ಣೆ ಇರುವ ಲೇನಿಗೆ ಅಂತ.

ನಂಬರ್ ಹೇಳುವ ಮುಂಚೆ ಮೂರು ವಿಷಯ ಹೇಳಿ. ನೀವು ಆಡುವ ಲೇನಿನಲ್ಲಿ ಎಣ್ಣೆ ಜಾಸ್ತಿಯಾ, ಕಡಿಮೆಯಾ? ನೀವು ಬಾಲ್ ಬಿಡೋದು ಜೋರಾಗಾ, ನಿಧಾನಕ್ಕಾ? ಕೈಯಿಂದ ಸುತ್ತು ಎಷ್ಟು ಕೊಡುತ್ತೀರಿ? ಆಡಿ ಬಂದಮೇಲೆ ಬಾಲ್ ಮೇಲೆ ಎಣ್ಣೆಯ ಗೆರೆಗಳು ದಪ್ಪಗೆ ಕಾಣುತ್ತವಾ ಅಂತ ನೋಡಿ. ಕಂಡರೆ ಎಣ್ಣೆ ಚೆನ್ನಾಗಿದೆ ಅಂತ.

ತಣ್ಣೀರುಹಳ್ಳ ಟೆನ್‌ಪಿನ್ (ಹಾಸನ)

ಗೆರೆ ಚೆನ್ನಾಗಿ ಕಾಣುತ್ತದೆ, ಟವೆಲ್ ಎಲ್ಲ ಜಿಡ್ಡಾಗುತ್ತದೆ. ನಾನು ಸ್ವಲ್ಪ ಜೋರಾಗೇ ಬಿಡುತ್ತೇನೆ. ಸುತ್ತು ಕಡಿಮೆ ಅಂತ ಗೆಳೆಯರು ಹೇಳುತ್ತಾರೆ.

ಮೂಡಿಗೆರೆ ರೋಬಸ್ಟಾ

ವೇಗ ಜಾಸ್ತಿ, ಸುತ್ತು ಕಡಿಮೆ, ಎಣ್ಣೆ ಚೆನ್ನಾಗಿದೆ. ಮೂರೂ ಒಂದೇ ಕಡೆ ಕೈ ತೋರಿಸುತ್ತವೆ. ಒರಟು ಬೇಕು. 500ರಲ್ಲಿ ಶುರು ಮಾಡಿ 1000ಕ್ಕೆ ನಿಲ್ಲಿಸಿ. ಆಡಿ ನೋಡಿ. ಬೇಕಿದ್ದರೆ ಆಮೇಲೆ 2000. ಪಾಲಿಶ್ ಬಾಟಲಿ ಸದ್ಯಕ್ಕೆ ಮುಟ್ಟಬೇಡಿ.

ಹಳೇಬೀಡು ಕ್ರಾಸ್

ನಮ್ಮದು ಗ್ರಾನೈಟ್ ಪಾಲಿಶ್ ಕೆಲಸ, ಬೇಲೂರು ಕಡೆ. ಅಚ್ಚರಿಯಿಂದ ಓದುತ್ತಾ ಇದ್ದೇನೆ. ನಾವು 50ರಿಂದ ಹಿಡಿದು 100, 200, 400, 800, 1500, 3000 ಪ್ಯಾಡ್ ಒಂದೊಂದಾಗಿ ಹೊಡೆದು ಕೊನೆಗೆ ಬಫ್ ಮಾಡುತ್ತೇವೆ. 1000ಕ್ಕೆ ನಿಲ್ಲಿಸಿ ಹೊರಟರೆ ಮನೆಯವರು ದುಡ್ಡು ಕೊಡಲ್ಲ! ನಿಮ್ಮಲ್ಲಿ ಅರ್ಧಕ್ಕೆ ನಿಲ್ಲಿಸೋದೇ ಕೆಲಸ ಅಂತೀರಲ್ಲ.

ಆದರೆ ಎಣ್ಣೆಯ ಮಾತು ನಿಜ. ಬಚ್ಚಲಿಗೆ ಪಾಲಿಶ್ ಗ್ರಾನೈಟ್ ಹಾಕಿಸಿದವರು ಹಬ್ಬದ ಎಣ್ಣೆ ಸ್ನಾನದ ದಿನ ಗೋಡೆ ಹಿಡಿದುಕೊಂಡೇ ಹೊರಗೆ ಬರೋದು. ಉಳಿ ಹೊಡೆದ ಒರಟು ಕಲ್ಲು ಹಾಕಿಸಿದವರಿಗೆ ಆ ಕಷ್ಟ ಇಲ್ಲ. ಕಾಲು ಹಿಡಿಯೋದು ಆ ಏಣಿನಿಂದಲೇ.

ಒಂದು ಮಾತು ನಮ್ಮ ಕಸುಬಿನಿಂದ ಹೇಳುತ್ತೇನೆ, ಬಾಲಿಗೂ ಇದೇ ಇರಬೇಕು. ನಂಬರ್ ಹಾರಿಸಬೇಡಿ. 200ರ ಗೀರು 3000ಕ್ಕೆ ಹೋಗಲ್ಲ. ಮೇಲೆ ಹೊಳೆಯುತ್ತದೆ, ಬೆಳಕು ಅಡ್ಡ ಬಿದ್ದರೆ ಕೆಳಗಿನ ಗೀರು ಎಲ್ಲ ಎದ್ದು ಕಾಣುತ್ತದೆ.

ಮೂಡಿಗೆರೆ ರೋಬಸ್ಟಾ

ನಿಮ್ಮ ಮಾತು ಸರಿ, ಆದರೆ ಬಾಲಿನಲ್ಲಿ ಒಂದು ತಮಾಷೆ ಇದೆ. ಇಲ್ಲಿ ಕೆಲವರು ಬೇಕಂತಲೇ ಹಾರಿಸುತ್ತಾರೆ. 500 ಹೊಡೆದು ಅದರ ಮೇಲೇ ಪಾಲಿಶ್ ಹಾಕುತ್ತಾರೆ. ಏಣುಗಳ ತುದಿ ಮಾತ್ರ ನುಣ್ಣಗಾಗುತ್ತದೆ, ಕೆಳಗಿನ ಹಳ್ಳ ಹಾಗೇ ಉಳಿಯುತ್ತದೆ. ಬಾಲ್ ಎಣ್ಣೆಯಲ್ಲಿ ಜಾರಿಕೊಂಡು ಹೋಗಿ ಒಣ ಜಾಗದಲ್ಲಿ ಗಟ್ಟಿಯಾಗಿ ತಿರುಗುತ್ತದೆ. 3000 ಹೊಡೆದು ಪಾಲಿಶ್ ಹಾಕಿದರೆ ಅದೇ ಹೊಳಪು ಕಾಣುತ್ತದೆ, ಆದರೆ ತಿರುವು ಇನ್ನೂ ತಡವಾಗುತ್ತದೆ. ಕಣ್ಣಿಗೆ ಎರಡೂ ಒಂದೇ. ಲೇನಿಗೆ ಒಂದೇ ಅಲ್ಲ. ಅದಕ್ಕೇ ಬರೀ 'ಪಾಲಿಶ್ಡ್' ಅಂತ ಹೇಳಿದರೆ ಏನೂ ಹೇಳಿದ ಹಾಗಾಗಲ್ಲ, ಕೆಳಗೆ ಯಾವ ನಂಬರ್ ಅಂತ ಹೇಳಬೇಕು.

ಹಳೇಬೀಡು ಕ್ರಾಸ್

ನಮ್ಮಲ್ಲಿ ಹೀಗೆ ಮಾಡಿದರೆ ಅದಕ್ಕೆ ಕಳ್ಳ ಪಾಲಿಶ್ ಅಂತಾರೆ. ನಿಮ್ಮಲ್ಲಿ ವಿದ್ಯೆ!

ಬಿಎಂ ರೋಡ್ ಗ್ಯಾರೇಜ್ (ಹಾಸನ)

ಥಿನ್ನರ್ ಮಾತು ವಾಪಸ್. ಆದರೆ ನಂಬರ್ ವಿಷಯದಲ್ಲಿ ನಾನೂ ಸ್ವಲ್ಪ ಹೇಳುತ್ತೇನೆ. ನೀವು 500, 1000 ಅನ್ನುತ್ತಿದ್ದೀರಿ. ಅಂಗಡಿಗೆ ಹೋಗಿ 1000 ನಂಬರ್ ವಾಟರ್ ಪೇಪರ್ ಕೊಡಿ ಅಂದರೆ ಅವರು ಕೊಡೋದು ಅದೇ ಆಗಿರಬೇಕು ಅಂತಿಲ್ಲ.

ಪೇಪರಿನ ಹಿಂಬದಿ ನೋಡಿ. ನಂಬರಿನ ಮುಂದೆ 'ಪಿ' ಅಂತ ಇದ್ದರೆ ಅದು ಯುರೋಪಿನ ಫೆಪಾ ಅಳತೆ. 'ಪಿ' ಇಲ್ಲದ ಅಮೆರಿಕದ ಅಳತೆ ಬೇರೆ ಇದೆ, ಅದಕ್ಕೆ ಕ್ಯಾಮಿ ಅಂತಾರೆ. ಪಿ 600ರಲ್ಲಿ ಕಣದ ಗಾತ್ರ ಸುಮಾರು 25.8 ಮೈಕ್ರಾನ್. ಅಮೆರಿಕದ 600ರಲ್ಲಿ ಸುಮಾರು 16. ಅಂದರೆ ಅವರ 600 ನಮ್ಮ ಪಿ 1200ರ ಹತ್ತಿರ ಬರುತ್ತದೆ, ಅದು 15.3. ಕಡಿಮೆ ನಂಬರಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಮೇಲೆ ಹೋದ ಹಾಗೆ ಅಂತರ ಜಾಸ್ತಿ. ಪೇಂಟ್ ಕೆಲಸದಲ್ಲಿ ಇದು ಗೊತ್ತಿಲ್ಲದೆ ಗಾಡಿ ಮೈಮೇಲೆ ಗೀರು ಬಿಟ್ಟು ಒದ್ದಾಡುವವರನ್ನು ನೋಡಿದ್ದೇನೆ.

ಇನ್ನೊಂದು. ಪೇಪರನ್ನು ಬೆರಳಿನಿಂದ ಒತ್ತಿ ಉಜ್ಜಿದರೆ ಬೆರಳು ಇರುವ ಕಡೆ ಮಾತ್ರ ತಿನ್ನುತ್ತದೆ. ಬಂಪರ್ ಥರದ ಗುಂಡನೆ ಜಾಗಕ್ಕೆ ನಾವು ಕೆಳಗೆ ಸ್ಪಾಂಜ್ ಇಟ್ಟೇ ಉಜ್ಜೋದು.

ಮೂಡಿಗೆರೆ ರೋಬಸ್ಟಾ

ಇದು ಬೇಕಿತ್ತು ನೋಡಿ! ಬೌಲಿಂಗಿನವರು ಬಳಸುವ ಪ್ಯಾಡ್ ಇದೇ ಕಾರಣಕ್ಕೆ ಸ್ಪಾಂಜ್ ಬೆನ್ನಿನದು. ಅಬ್ರಲಾನ್ ಅಂತ ಬರುತ್ತದೆ, ಫಿನ್ಲೆಂಡಿನ ಮಿರ್ಕಾ ಕಂಪನಿಯದು. ಮೂಲತಃ ನಿಮ್ಮಂಥ ಪೇಂಟ್ ಕೆಲಸದವರಿಗೇ ಮಾಡಿದ ಮಾಲು. ಸ್ವಿಟ್ಜರ್ಲೆಂಡಿನ ಸಿಯಾಏರ್ ಅಂತ ಇನ್ನೊಂದಿದೆ. ದುಂಡು ಮೈಗೆ ಚೆನ್ನಾಗಿ ಕೂರುತ್ತವೆ. ನಾನು ಹೇಳಿದ 500, 1000 ಎಲ್ಲ ಈ ಪ್ಯಾಡಿನ ನಂಬರ್. ವಾಟರ್ ಪೇಪರಿನ ನಂಬರಿಗೆ ನೇರವಾಗಿ ಹೊಂದಿಸಬೇಡಿ.

ಪ್ಯಾಡ್ ಹೊಸದಾ ಹಳೆಯದಾ ಅನ್ನೋದೂ ಲೆಕ್ಕಕ್ಕೆ ಬರುತ್ತದೆ. ಹೊಸ 500 ಚೆನ್ನಾಗಿ ತಿನ್ನುತ್ತದೆ. ಸವೆದ 500 ಅದಕ್ಕಿಂತ ನುಣುಪು ಮೈ ಕೊಡುತ್ತದೆ, ಹೆಸರಿಗೆ ಮಾತ್ರ 500.

ಸಂತೆಪೇಟೆ ಕುತೂಹಲಿ

ಇಷ್ಟೆಲ್ಲ ಯಾಕೆ? ಆಂಗಲ್ ಗ್ರೈಂಡರಿಗೆ ಬಫ್ ಹಾಕಿ ಐದು ನಿಮಿಷಕ್ಕೆ ಮುಗಿಸಬಹುದಲ್ವಾ. ಇಲ್ಲಾ ಅಂದರೆ ಇಡ್ಲಿ ಗ್ರೈಂಡರ್ ತಳದ ಮೇಲೆ ಬಾಲ್ ಕೂರಿಸಿ ತಿರುಗಿಸಿದರೆ ಅದೇ ಸ್ಪಿನ್ನರ್.

ಮೂಡಿಗೆರೆ ರೋಬಸ್ಟಾ

ಆಂಗಲ್ ಗ್ರೈಂಡರ್ ಒಂದೇ ಜಾಗದಲ್ಲಿ ಸ್ವಲ್ಪ ನಿಂತರೆ ಸಾಕು, ಅಲ್ಲಿ ಚಪ್ಪಟೆ ಆಗುತ್ತದೆ, ರೆಸಿನ್ ಬಿಸಿಯಾಗಿ ಹಾಳಾಗುತ್ತದೆ. ಬಾಲಿನ ವ್ಯಾಸ 8.500ರಿಂದ 8.595 ಇಂಚಿನ ಒಳಗೇ ಇರಬೇಕು. ಇರೋದೇ ಅಷ್ಟು ಕಿರಿದಾದ ಅಂತರ. ಪ್ಯಾಡಿನಿಂದ ಕೈಯಲ್ಲಿ ಉಜ್ಜಿದರೆ ಹೋಗೋದು ಕೂದಲಿಗಿಂತ ತೆಳು ಪದರ. ಬಾಲಿನ ಆಯುಷ್ಯದಲ್ಲಿ ಬೇಕಾದಷ್ಟು ಸಲ ಮಾಡಬಹುದು.

ಇಡ್ಲಿ ಗ್ರೈಂಡರ್ ಮೇಲೆ ಕಟ್ಟಿಲ್ಲದ 7 ಕೆಜಿ ಗುಂಡು, ಪಕ್ಕದಲ್ಲಿ ನೀರು, ಕೆಳಗೆ ಕರೆಂಟ್. ಮನೆಯವರು ನೋಡಿದರೆ ನಿಮ್ಮನ್ನೇ ರುಬ್ಬುತ್ತಾರೆ.

ತಣ್ಣೀರುಹಳ್ಳ ಟೆನ್‌ಪಿನ್ (ಹಾಸನ)

😂 ರೋಬಸ್ಟಾ ಅಣ್ಣ, ಕೈಯಲ್ಲಿ ಮಾಡುವ ಕ್ರಮ ಸ್ವಲ್ಪ ಬಿಡಿಸಿ ಹೇಳಿ. ಬಾಲ್ ಉರುಳದ ಹಾಗೆ ಹಿಡಿಯೋದೇ ಕಷ್ಟ ಆಗುತ್ತಿದೆ.

ಮೂಡಿಗೆರೆ ರೋಬಸ್ಟಾ

ಸಿಂಬೆ ಮಾಡಿಕೊಳ್ಳಿ. ಹಳೆಯ ಟವೆಲ್ ಹುರಿ ಹಾಕಿ, ಬಿಂದಿಗೆ ಕೂರಿಸೋಕೆ ಮಾಡುತ್ತಾರಲ್ಲ, ಹಾಗೇ. ಕೆಳಗೆ ಒಂದು ಒದ್ದೆ ಗೋಣಿತಾಟು. ಬಾಲ್ ಅದರ ಮೇಲೆ ಕದಲದೆ ಕೂರುತ್ತದೆ. ಬಚ್ಚಲು ಮನೆಯೋ ಹಿತ್ತಲ ಕಲ್ಲೋ, ನೀರು ಚೆಲ್ಲಿದರೆ ತೊಂದರೆ ಇಲ್ಲದ ಜಾಗ ಇರಲಿ.

ಉಜ್ಜುವ ಮೊದಲು ಎಣ್ಣೆ ತೆಗೀಬೇಕು, ಇಲ್ಲದಿದ್ದರೆ ಪ್ಯಾಡ್ ಬೇಗ ಕಟ್ಟಿಕೊಂಡು ಕೆಲಸ ಮಾಡಲ್ಲ. ರಿಯಾಕ್ಟಿವ್ ಬಾಲಿನ ಮೈ ಎಣ್ಣೆ ಕುಡಿಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಅದರಿಂದ ಪೂರ್ತಿ ಒರೆಸಿ. ಒಳಗಿನ ಎಣ್ಣೆ ಬರಬೇಕಂದರೆ ಬಕೆಟ್ ಬಿಸಿನೀರು, ಎರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್. ನೀರು ಸ್ನಾನಕ್ಕಿಂತ ಸ್ವಲ್ಪ ಬಿಸಿ ಇರಲಿ, ಹಂಡೆಯಲ್ಲಿ ಕುದಿಯುವ ನೀರು ಬೇಡ, ಬಾಲ್ ಬಿರುಕು ಬಿಡುತ್ತದೆ. ಬೆರಳು ತೂತುಗಳಿಗೆ ಮೊದಲೇ ಟೇಪ್ ಒತ್ತಿ ಅಂಟಿಸಿ. ಒಳಗಿನ ರಬ್ಬರ್ ಇನ್ಸರ್ಟ್ ಅಂಟು ಬಿಟ್ಟುಕೊಂಡರೆ ಅದೊಂದು ತಲೆನೋವು. ಉಜ್ಜುವಾಗಲೂ ಟೇಪ್ ಇರಲಿ. ಹೆಬ್ಬೆರಳು ತೂತಿನ ಅಂಚನ್ನು ನಿಮ್ಮ ಕೈಗೆ ತಕ್ಕ ಹಾಗೆ ಇಳಿಜಾರು ಮಾಡಿರುತ್ತಾರೆ, ಅದು ಸವೆಯಬಾರದು.

ಆಮೇಲೆ ಬಾಲನ್ನು ಆರು ಮುಖ ಅಂತ ಭಾಗ ಮಾಡಿಕೊಳ್ಳಿ. ನಿಮ್ಮ ಹೊಳೆಯುವ ಪಟ್ಟಿ ಇದೆಯಲ್ಲ, ಅದರ ಎರಡು ಪಕ್ಕದ ನಡುಭಾಗ ಎರಡು ಮುಖ. ಪಟ್ಟಿಯ ಮೇಲೇ ಸಮ ಅಂತರದಲ್ಲಿ ನಾಲ್ಕು ಮುಖ. ಪ್ರತಿ ಮುಖದ ಮೇಲೂ ಗ್ರೀಸ್ ಪೆನ್ಸಿಲಿನಲ್ಲಿ ಅಡ್ಡ ಉದ್ದ ಗೆರೆ ಎಳೆಯಿರಿ. 500 ಪ್ಯಾಡನ್ನು ನೀರಿನಲ್ಲಿ ಅದ್ದಿ, ಅಂಗೈ ಬಿಡಿಸಿ ಇಟ್ಟು, ಸುತ್ತು ಸುತ್ತಾಗಿ ಉಜ್ಜಿ. ಕೈಯ ಭಾರ ಸಾಕು, ಮೈಭಾರ ಹಾಕಬೇಡಿ. ಸ್ವಲ್ಪ ಹೊತ್ತಿಗೆ ಬಾಲಿನ ಬಣ್ಣದ ಹಾಲಿನಂಥ ನೀರು ಇಳಿಯುತ್ತದೆ. ಪೆನ್ಸಿಲ್ ಗೆರೆ ಎಲ್ಲ ಕಡೆ ಒಂದೇ ಸಲಕ್ಕೆ ಅಳಿಸಿದರೆ ಕೈ ಸಮವಾಗಿ ಓಡುತ್ತಿದೆ ಅಂತ. ಒಂದು ಕಡೆ ಉಳಿದರೆ ಅಲ್ಲಿ ಪ್ಯಾಡ್ ತಾಗುತ್ತಿಲ್ಲ. ಮೊಬೈಲಿನಲ್ಲಿ ಟೈಮರ್ ಇಡಿ, ಆರೂ ಮುಖಕ್ಕೆ ಅಷ್ಟಷ್ಟೇ ಹೊತ್ತು. ಹೊಳೆಯುವ ಪಟ್ಟಿ ಅಂತ ಅಲ್ಲಿ ಜಾಸ್ತಿ ತಿಕ್ಕೋದು ಎಲ್ಲರಿಗೂ ಆಗುವ ಆಸೆ. ಹಾಗೆ ಮಾಡಬೇಡಿ.

500 ಮುಗಿದಮೇಲೆ ಬಾಲನ್ನೂ ಪ್ಯಾಡನ್ನೂ ಬಕೆಟನ್ನೂ ಚೆನ್ನಾಗಿ ತೊಳೆಯಿರಿ. 500ರ ಒಂದು ಕಣ 1000ರ ಕೆಳಗೆ ಸಿಕ್ಕಿಕೊಂಡರೆ ಉದ್ದಕ್ಕೂ ಗೀರು ಎಳೆಯುತ್ತದೆ. 1000 ಹೊಡೆಯುವಾಗ ಮುಖಗಳನ್ನು ಸ್ವಲ್ಪ ತಿರುಗಿಸಿ, ಹಿಂದಿನದರ ಗೀರಿಗೆ ಅಡ್ಡ ಹೋಗುವ ಹಾಗೆ. ಒಣಗಿಸಿ ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ನೋಡಿ. ಒದ್ದೆ ಇದ್ದಾಗ ನೋಡಿದರೆ ಎಲ್ಲ ಬಾಲೂ ಚೆನ್ನಾಗೇ ಕಾಣುತ್ತದೆ.

ಒಣ ಉಜ್ಜೋದು ಬೇಡ. ರೆಸಿನ್ ಪುಡಿ ಶ್ವಾಸಕ್ಕೆ ಒಳ್ಳೆಯದಲ್ಲ.

ಹಳೇಬೀಡು ಕ್ರಾಸ್

ಟ್ಯೂಬ್‌ಲೈಟ್ ಮಾತಿಗೆ ನೂರಕ್ಕೆ ನೂರು ಮಾರ್ಕ್ಸ್. ನಾವೂ ಹಾಗೇ ನೋಡೋದು. ಹಳೇಬೀಡಿನ ನಂದಿಯನ್ನು ಬೆಳಗಿನ ಓರೆ ಬಿಸಿಲಿನಲ್ಲಿ ನೋಡಿ, ಅದರ ನುಣುಪು ಆಗ ಗೊತ್ತಾಗೋದು. ಅದು ಬಳಪದ ಕಲ್ಲು ಅನ್ನೋದೂ ಇದೆ, ಮೆತ್ತಗಿನ ಕಲ್ಲು. ಗ್ರಾನೈಟಿಗೆ ಆ ಕೈಚಳಕ ಅಷ್ಟು ಸುಲಭಕ್ಕೆ ದಕ್ಕಲ್ಲ.

ಐಜಿ ರೋಡ್ ಸ್ಪೇರ್ (ಚಿಕ್ಕಮಗಳೂರು)

ತಡವಾಗಿ ಬಂದೆ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಲೀಗ್ ಆಡುತ್ತಿದ್ದೆ. ರೋಬಸ್ಟಾ ಅವರು ಹೇಳಿದ್ದು ಈ ತಮ್ಮನಿಗೆ ಸರಿ. ಓದುವವರೆಲ್ಲ ತಮ್ಮ ತಮ್ಮ ಬಾಲನ್ನು 500, 1000 ಮಾಡಿಕೊಂಡು ಕೂರಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ.

ನನ್ನದು 12 ಪೌಂಡ್ ಬಾಲ್, ವೇಗ ಕಡಿಮೆ. ನನ್ನಂಥವರಿಗೆ ಒರಟು ಮೈ ಅಂದರೆ ಬಾಲ್ ಅರ್ಧ ಲೇನಿನಲ್ಲೇ ತಿರುಗಿ, ಪಿನ್ ಹತ್ತಿರ ಹೋಗೋಷ್ಟರಲ್ಲಿ ಕಸುವೆಲ್ಲ ಖಾಲಿ. ಮುಂದಿನ ಪಿನ್ನಿಗೆ ಸರಿಯಾಗೇ ಹೊಡೆದರೂ ಹಿಂದಿನ ಪಿನ್ ಬೀಳಲ್ಲ. ನಾನು 3000ಕ್ಕಿಂತ ಕೆಳಗೆ ಇಳಿಯೋದೇ ಇಲ್ಲ. ಲೇನ್ ಒಣಗಿದ್ದರೆ ಪಾಲಿಶ್. ಸಂಜೆ ಹೊತ್ತಿಗೆ ಎಲ್ಲರೂ ಆಡಿ ಆಡಿ ಎಣ್ಣೆ ಬಾಲಿಗೆ ಅಂಟಿಕೊಂಡು ಹೋಗಿರುತ್ತದೆ. ಬೆಳಿಗ್ಗೆಯ ಲೇನೇ ಬೇರೆ, ಸಂಜೆಯ ಲೇನೇ ಬೇರೆ.

ಯುಎಸ್‌ಬಿಸಿ (ಅಮೆರಿಕದ ಬೌಲಿಂಗ್ ಸಂಸ್ಥೆ) ಅವರ ಬಾಲ್ ಮೋಷನ್ ಅಧ್ಯಯನದಲ್ಲೂ ಒಳಗಿನ ಕೋರ್‌ಗಿಂತ (ತೂಕದ ತಿರುಳಿಗಿಂತ) ಮೇಲ್ಮೈಯ ಒರಟುತನದ ಪ್ರಭಾವವೇ ಜಾಸ್ತಿ ಅಂತ ಕಂಡಿತ್ತು. ನಾವು ಮಾತ್ರ ಕೋರ್ ಚಿತ್ರ ನೋಡಿ ಬಾಲ್ ತಗೊಳ್ಳೋದು.

ಇನ್ನು ಟೂರ್ನಿ ಆಡುವವರಿಗೆ. ಯುಎಸ್‌ಬಿಸಿ ಅಳತೆಯ ಪ್ರಕಾರ ಮೇಲ್ಮೈ ಒರಟುತನ 50 ಮೈಕ್ರೋ ಇಂಚು ದಾಟಬಾರದು. ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಸ್ಪರ್ಧೆ ಶುರುವಾದಮೇಲೆ ಪ್ಯಾಡಿನಿಂದ ಮೈ ಉಜ್ಜುವ ಹಾಗಿಲ್ಲ. 2019ರ ಆಗಸ್ಟ್ 1ರಿಂದ ಆಟದ ನಡುವೆ ದ್ರವ ಕ್ಲೀನರ್ ಕೂಡ ಇಲ್ಲ, ಒಣ ಟವೆಲ್ ಮಾತ್ರ. ಪಾಲಿಶ್, ಕ್ಲೀನರ್‌ಗಳಲ್ಲಿ ಯಾವುದು ನಡೆಯುತ್ತದೆ ಅನ್ನೋದಕ್ಕೆ ಅವರದೇ ಪಟ್ಟಿ ಇದೆ. ಕಾರ್ ವ್ಯಾಕ್ಸ್ ಮೈಮೇಲೆ ಪದರ ಬಿಡುತ್ತದೆ, ಹಾಗಾಗಿ ಅದು ಬೇಡ. ಇಲ್ಲಿ ಆಡುವ ಟೂರ್ನಿಯಲ್ಲಿ ಯಾವ ನಿಯಮ ಅಂತ ಆಯೋಜಕರನ್ನು ಮೊದಲೇ ಕೇಳಿಬಿಡಿ.

ಸಂತೆಪೇಟೆ ಕುತೂಹಲಿ

ಅಕ್ಕ, ಒಂದು ಡೌಟು. 12 ಪೌಂಡ್ ಬಾಲನ್ನು ಬಕೆಟ್ ನೀರಿಗೆ ಹಾಕಿದರೆ ಮುಳುಗುತ್ತದಾ, ತೇಲುತ್ತದಾ?

ಐಜಿ ರೋಡ್ ಸ್ಪೇರ್ (ಚಿಕ್ಕಮಗಳೂರು)

ಮುಳುಗುತ್ತದೆ, ಆದರೆ ಮನಸ್ಸಿಲ್ಲದೆ. 11 ಪೌಂಡಿನದು ತೇಲುತ್ತದೆ. ಎಲ್ಲ ತೂಕದ ಬಾಲ್‌ಗಳೂ ಒಂದೇ ಗಾತ್ರ ಅಲ್ವಾ, ಅಷ್ಟು ಜಾಗದ ನೀರು ಸುಮಾರು ಹನ್ನೊಂದೂವರೆ ಪೌಂಡ್ ತೂಗುತ್ತದೆ. ತೇಲುವ ಬಾಲಾದರೆ ನೀರಿನಲ್ಲಿ ಆಗಾಗ ತಿರುಗಿಸುತ್ತಾ ಇರಬೇಕು.

ಬಿಎಂ ರೋಡ್ ಗ್ಯಾರೇಜ್ (ಹಾಸನ)

ಸೆಂಟರಿನಲ್ಲಿ ಬಾಡಿಗೆಗೆ ಕೊಡುವ ಬಾಲ್ ಇರುತ್ತಲ್ಲ ಮೇಡಂ, ಅದನ್ನು ಹೀಗೆ ಉಜ್ಜಿದರೆ ತಿರುಗುತ್ತದಾ?

ಐಜಿ ರೋಡ್ ಸ್ಪೇರ್ (ಚಿಕ್ಕಮಗಳೂರು)

ಅಷ್ಟೇನೂ ಇಲ್ಲ. ಅವು ಪಾಲಿಯೆಸ್ಟರ್, ಅಂದರೆ ಪ್ಲಾಸ್ಟಿಕ್. ಹಿಡಿತ ಹುಟ್ಟಿನಿಂದಲೇ ಕಡಿಮೆ. 1980ರ ದಶಕದಲ್ಲಿ ಯುರೆಥೇನ್ ಬಂತು, 1990ರ ದಶಕದ ಶುರುವಿನಲ್ಲಿ ರಿಯಾಕ್ಟಿವ್ ಬಂತು. ದೊಡ್ಡ ತಿರುವು ಎಲ್ಲ ಅಲ್ಲಿಂದಲೇ. ಪ್ಲಾಸ್ಟಿಕ್ ಬಾಲನ್ನು ಬೇಕಾದರೆ ನೀವು ಮೊದಲು ಹೇಳಿದ ಹಾಗೆ ಕನ್ನಡಿ ಮಾಡಿ, ವ್ಯಾಕ್ಸ್ ಒಂದು ಬಿಟ್ಟು. ಮೂಲೆಯಲ್ಲಿ ಉಳಿದ ಹತ್ತನೇ ಪಿನ್ನಿಗೆ ಹೊಡೆಯುವಾಗ ಬಾಲ್ ತಿರುಗದೆ ನೇರ ಹೋದರೆ ಒಳ್ಳೆಯದು. ಉಳಿದ ಪಿನ್ ಬೀಳಿಸೋಕೆ ಇಟ್ಟುಕೊಂಡ ನನ್ನ ಸ್ಪೇರ್ ಬಾಲ್ ಹಾಗೇ ಇದೆ, ಕೂದಲು ಬಾಚಿಕೊಳ್ಳಬಹುದು.

ತಣ್ಣೀರುಹಳ್ಳ ಟೆನ್‌ಪಿನ್ (ಹಾಸನ)

ಎಲ್ಲರಿಗೂ ಒಂದು ಅಪ್‌ಡೇಟ್. ಪ್ಯಾಡ್ ತರಿಸಿ, ಸಿಂಬೆ ಮಾಡಿ, ಹಿತ್ತಲಲ್ಲಿ ಕೂತು 500, ಆಮೇಲೆ 1000 ಹೊಡೆದೆ. ಬಿಸಿನೀರಿಗೆ ಹಾಕಿದಾಗ ಮೇಲೆ ಎಣ್ಣೆ ಪದರ ಕಟ್ಟಿದ್ದು ನೋಡಿ ಅಮ್ಮ 'ಇದೇನು ಬಾಲೋ ಬೋಂಡವೋ' ಅಂದರು. ಈಗ ಬಾಲ್ ಪೂರ್ತಿ ಮಂಕು, ಮುಟ್ಟಿದರೆ ಬೆರಳಿಗೆ ಸಣ್ಣಗೆ ತಡೆ ಸಿಗುತ್ತದೆ. ಲೋಗೋ ಅಕ್ಷರಗಳ ಒಳಗೆ ಪುಡಿ ಕೂತಿತ್ತು, ಹಳೆಯ ಟೂತ್‌ಬ್ರಷ್ಷಿನಿಂದ ತೆಗೆದೆ.

ಭಾನುವಾರ ಆಡಿದೆ. ಬಾಲ್ ತಿರುಗಿತು! ಆದರೆ ಒಂದು ತೊಂದರೆ. ಚೆನ್ನಾಗಿ ಜೇಬಿಗೆ (ಒಂದನೇ, ಮೂರನೇ ಪಿನ್ನಿನ ನಡುವಿನ ಸಂದಿಗೆ) ಬಿದ್ದರೂ ಹತ್ತನೇ ಪಿನ್ ಮತ್ತೆ ಮತ್ತೆ ನಿಲ್ಲುತ್ತಿತ್ತು. ಪಾಲಿಶ್ ಹಾಕಿಬಿಡಲಾ?

ಮೂಡಿಗೆರೆ ರೋಬಸ್ಟಾ

ಹತ್ತು ನಿಂತಾಗ ಅದರ ಎಡಕ್ಕೆ ಮುಂದೆ ಇರುವ ಆರನೇ ಪಿನ್ ಎಲ್ಲಿತ್ತು? ಹತ್ತರ ಕುತ್ತಿಗೆ ಸುತ್ತಿ ಹಾರಿಹೋಯಿತಾ, ಇಲ್ಲಾ ಹತ್ತರ ಮುಂದೆ ಲೇನಿನ ಪಕ್ಕದ ಗಟರಿನಲ್ಲಿ ಸುಮ್ನೆ ಮಲಗಿತ್ತಾ?

ತಣ್ಣೀರುಹಳ್ಳ ಟೆನ್‌ಪಿನ್ (ಹಾಸನ)

ಮಲಗಿತ್ತು. ಗೆಳೆಯ ಅದರ ವಿಡಿಯೊ ಮಾಡಿದ್ದಾನೆ, ಈಗ ನೋಡಿದೆ. ಹೆಚ್ಚಿನ ಸಲ ಹಾಗೇ.

ಐಜಿ ರೋಡ್ ಸ್ಪೇರ್ (ಚಿಕ್ಕಮಗಳೂರು)

ಹಾಗಾದರೆ ಬಾಲ್ ಬೇಗ ಹಿಡಿದು, ಪಿನ್ ಮುಟ್ಟುವಷ್ಟರಲ್ಲಿ ಕಸುವು ಕಳೆದುಕೊಂಡು, ಹೊಡೆತಕ್ಕೆ ಪಕ್ಕಕ್ಕೆ ಸರಿದುಬಿಡುತ್ತಿದೆ. ಆರಕ್ಕೆ ಹಾರುವಷ್ಟು ಪೆಟ್ಟು ಸಿಗುತ್ತಿಲ್ಲ. ಮೈ ಸ್ವಲ್ಪ ನುಣ್ಣಗಾಗಬೇಕು, ಅಷ್ಟೇ. 1000ದಿಂದ ನೇರ ಪಾಲಿಶಿಗೆ ಹಾರಿದರೆ ಮತ್ತೆ ಹಳೆಯ ಕಥೆ, ಜಾರುತ್ತದೆ.

ಮೂಡಿಗೆರೆ ರೋಬಸ್ಟಾ

ಹೌದು. 2000 ಪ್ಯಾಡಿನಿಂದ ಆರೂ ಮುಖಕ್ಕೆ ಹಗುರವಾಗಿ ಒಂದು ಸುತ್ತು. 500ಕ್ಕೆ ಕೊಟ್ಟಷ್ಟು ಹೊತ್ತು ಬೇಡ, ಅರ್ಧ ಸಾಕು. 1000ದ ಗೀರು ಪೂರ್ತಿ ಹೋಗಬಾರದು, ತುದಿ ಮಾತ್ರ ಮುರೀಬೇಕು. ಆಮೇಲೂ ಹಾಗೇ ಆದರೆ 3000. ಯಾವ ದಿನ ಯಾವ ನಂಬರ್ ಹೊಡೆದಿರಿ ಅಂತ ಒಂದು ಚೀಟಿಯಲ್ಲಿ ಬರೆದು ಬ್ಯಾಗಿಗೆ ಹಾಕಿ. ಆಡಿದ ಹಾಗೆ ಮೈ ತಾನಾಗೇ ಬದಲಾಗುತ್ತಾ ಹೋಗುತ್ತದೆ, ನೆನಪಿನ ಮೇಲೆ ನಂಬಿಕೆ ಇಡೋಕಾಗಲ್ಲ. ಆಡಿದ ತಕ್ಷಣ, ಬಾಲ್ ಇನ್ನೂ ಬೆಚ್ಚಗಿರುವಾಗಲೇ ಆಲ್ಕೊಹಾಲಿನಿಂದ ಒರೆಸಿ. ಎಣ್ಣೆ ಒಳಗೆ ಇಳಿದಮೇಲೆ ಮತ್ತೆ ಬಕೆಟ್ಟೇ ಗತಿ. ಕಾರಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಟ್ಟು ಹೋಗಬೇಡಿ.

ಬಿಎಂ ರೋಡ್ ಗ್ಯಾರೇಜ್ (ಹಾಸನ)

ಟೆನ್‌ಪಿನ್ ಬ್ರದರ್, ಆ ಪ್ಯಾಡ್ ಒಂದು ಸಲ ತೋರಿಸಿ. ಹೆಡ್‌ಲೈಟ್ ಕೆಲಸಕ್ಕೆ ನನಗೂ ಬೇಕು. ಸೆಟ್ ತರಿಸುವುದಾದರೆ ಹಂಚಿಕೊಳ್ಳೋಣ.

ಹಳೇಬೀಡು ಕ್ರಾಸ್

ನನಗೂ 3000, 4000 ಒಂದೊಂದು. ಕಲ್ಲಿನ ಮೇಲೆ ಹೇಗೆ ಕೂರುತ್ತದೆ ಅಂತ ನೋಡುವ ಆಸೆ.

ತಣ್ಣೀರುಹಳ್ಳ ಟೆನ್‌ಪಿನ್ (ಹಾಸನ)

ಆಯ್ತು, ಸೋಮವಾರ ಆರ್ಡರ್ ಹಾಕುತ್ತೇನೆ. 150 ಮಿಲಿಮೀಟರ್ ಸೈಜ್, ಹಿಂದೆ ವೆಲ್ಕ್ರೋ ಇರುವುದು. ಇನ್ನು ಯಾರಿಗಾದರೂ ಬೇಕಿದ್ದರೆ ಅಷ್ಟರೊಳಗೆ ಹೇಳಿ.

ಐಜಿ ರೋಡ್ ಸ್ಪೇರ್ (ಚಿಕ್ಕಮಗಳೂರು)

ನನ್ನದು 3000 ಒಂದು ಸೇರಿಸಿ. ನಿಮಗೆ 500 ಎರಡು ಹಾಕಿಕೊಳ್ಳಿ, ಮೊದಲು ಸವೆಯೋದು ಅದೇ.